ಮೈ ಕಾದ ಮಗು, ಮಗುವ ಕಾದ ಮನೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಅಡಿಕೆ ತೋಟದೊಳಗೆ ಇಳಿದರೆ ಒಂದು ಹಂಚಿನ ಮನೆ. ಆಷಾಢದ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಸಲು ಒಂದು ಹೊತ್ತಿನ ಹೊಳವೂ ಸಿಕ್ಕದೆ ಮನೆಯ ಯಜಮಾನ ಜಗಲಿಯಲ್ಲಿ ಕೂತು ಮೋಡ ನೋಡುತ್ತಿದ್ದಾನೆ. ಸಂಜೆಗೇ ಕರೆಂಟು ಹೋಗಿದೆ. ಬಚ್ಚಲೊಲೆಯಲ್ಲಿ ಬೆಂಕಿ ಉರಿಯುತ್ತಿದೆ. ಮೇಲೆ ಕಟ್ಟಿದ ಹಗ್ಗದಲ್ಲಿ ಮಗುವಿನ ಅಂಗಿ, ಚಡ್ಡಿ, ಟೋಪಿ ಹೊಗೆಯಲ್ಲೇ ಒಣಗುತ್ತಿವೆ.

ಮಧ್ಯಾಹ್ನದವರೆಗೂ ಬೆಕ್ಕಿನ ಬಾಲ ಹಿಡಿಯಲು ಮನೆಯಿಡೀ ಓಡುತ್ತಿದ್ದ ಒಂದೂವರೆ ವರ್ಷದ ಪುಟ್ಟಿ ಈಗ ತಾಯಿಯ ಹೆಗಲಿಗೆ ಕೆನ್ನೆ ಒತ್ತಿಕೊಂಡು ಬಿದ್ದಿದ್ದಾಳೆ. ಕಣ್ಣಂಚು ಕೆಂಪಾಗಿದೆ. ಉಸಿರು ತಾಯಿಯ ಕುತ್ತಿಗೆಗೆ ಬಿಸಿಯಾಗಿ ತಾಗುತ್ತಿದೆ.

"ಅತ್ತೆ, ಮೈ ಸುಡ್ತಾ ಇದೆ ನೋಡಿ."

ಅಜ್ಜಿ ಕೈಯ ಹಿಂಬದಿಯನ್ನು ಮಗುವಿನ ಕುತ್ತಿಗೆಗೆ, ಆಮೇಲೆ ಹೊಟ್ಟೆಗೆ ಮುಟ್ಟಿಸಿ ನೋಡುತ್ತಾರೆ. "ಎಂತ ಮಾರಾಯ್ತಿ ಇದು, ಬೆಳಿಗ್ಗೆ ಚೆನ್ನಾಗೇ ಇತ್ತಲ್ಲ ಕೂಸು! ಮುಸ್ಸಂಜೆಗೆ ಅಂಗಳಕ್ಕೆ ಇಳಿಸ್ಬೇಡ ಅಂದಿದ್ದೆ." ಮಾತಿನ ಜೊತೆಗೇ ಒಳಗೆ ಹೋಗಿ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ತಂದು ಮಗುವಿಗೆ ನಿವಾಳಿಸಿ ಒಲೆಗೆ ಹಾಕುತ್ತಾರೆ. ಚಟಪಟ ಸದ್ದು. ಯಾರಿಗೂ ಕೆಮ್ಮು ಬರಲಿಲ್ಲ, ದೃಷ್ಟಿ ದೊಡ್ಡದೇ ಆಗಿದೆ ಎಂದು ಅವರ ತೀರ್ಮಾನ. ಸೊಸೆ ತಡೆಯುವುದಿಲ್ಲ. ಅಜ್ಜಿಯ ಜೀವಕ್ಕೆ ಅದರಿಂದ ಸಮಾಧಾನ ಸಿಗುವುದಾದರೆ ಸಿಗಲಿ. ಮಾಡಬೇಕಾದ ಬೇರೆ ಕೆಲಸಕ್ಕೆ ಅದು ಅಡ್ಡಿಯಲ್ಲ.

ಗಂಡ ಮೊಬೈಲಿನ ಟಾರ್ಚು ಹಿಡಿದು ನಿಂತಿದ್ದಾನೆ. "ಈಗ್ಲೇ ಪೇಟೆಗೆ ಹೋಗೋಣ್ವಾ?" ದಾರಿಯಲ್ಲಿ ಎಲ್ಲಿ ಮರ ಬಿದ್ದಿದೆಯೋ, ಯಾವ ಹಳ್ಳ ಉಕ್ಕಿದೆಯೋ ಗೊತ್ತಿಲ್ಲ. ಮಗುವಿಗೆ ಜ್ವರ ಬಂದ ಪ್ರತಿ ಮನೆಯಲ್ಲೂ ಆ ರಾತ್ರಿ ಏಳುವುದು ಇದೇ ಪ್ರಶ್ನೆ: ಈಗಲೇ ಹೊರಡಬೇಕೋ, ಬೆಳಗಿನವರೆಗೆ ನೋಡಬಹುದೋ? ಉತ್ತರ ಇರುವುದು ಮಗುವಿನ ಮುಖದಲ್ಲಿ, ಉಸಿರಿನಲ್ಲಿ, ಒದ್ದೆಯಾದ ಚಡ್ಡಿಯಲ್ಲಿ. ಅದನ್ನು ಓದಲು ಯಾವ ತಾಯಿಯಾದರೂ ಕಲಿಯಬಹುದು, ಯಾವ ತಂದೆಯಾದರೂ ಕಲಿಯಬೇಕು.

ಕಂಕುಳಲ್ಲಿ ಒಂದು ಕಡ್ಡಿ

ಗೋಡೆಯ ಗೂಡಿನಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ. ಅದರೊಳಗೆ ಈ ಮನೆಯ ಔಷಧಾಲಯ. ತಾಯಿ ಡಿಜಿಟಲ್ ಥರ್ಮಾಮೀಟರ್ ತೆಗೆದು ಮಗುವಿನ ಕಂಕುಳ ಬೆವರು ಒರೆಸಿ, ತುದಿ ಚರ್ಮಕ್ಕೆ ತಾಗುವಂತೆ ಇಟ್ಟು, ತೋಳನ್ನು ಎದೆಗೆ ಒತ್ತಿ ಹಿಡಿಯುತ್ತಾಳೆ. ಮಗು ಕೊಸರುತ್ತದೆ. ಬೀಪ್ ಎನ್ನುವವರೆಗೆ ಬಿಡುವುದಿಲ್ಲ. ಟಾರ್ಚಿನ ಬೆಳಕಿನಲ್ಲಿ ಅಂಕಿ ಕಾಣಿಸುತ್ತದೆ: 102.4.

100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ವೈದ್ಯರ ಲೆಕ್ಕದಲ್ಲಿ ಜ್ವರ. ಕಂಕುಳಲ್ಲಿ ಅಳೆದ ಅಂಕಿ ದೇಹದೊಳಗಿನ ನಿಜವಾದ ಶಾಖಕ್ಕಿಂತ ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಕಡಿಮೆಯೇ ಇರುತ್ತದೆ. ಕೈ ಮುಟ್ಟಿ ನೋಡಿದರೆ ಜ್ವರ ಇದೆ ಎಂದು ತಿಳಿದೀತು, ಎಷ್ಟು ಎಂದು ತಿಳಿಯದು. ಬೆಂಕಿಯ ಮುಂದೆ ಕೂತಿದ್ದ ಕೈಗೆ ಎಲ್ಲವೂ ತಣ್ಣಗೆ, ಮಳೆಯಲ್ಲಿ ನೆನೆದು ಬಂದ ಕೈಗೆ ಎಲ್ಲವೂ ಬಿಸಿ. ಪಾದರಸದ ಗಾಜಿನ ಕಡ್ಡಿ ಇನ್ನೂ ಮನೆಯಲ್ಲಿದ್ದರೆ ಮಕ್ಕಳಿಗೆ ಅದನ್ನು ಬಳಸದಿರುವುದು ಲೇಸು. ಒಡೆದರೆ ಪಾದರಸ ವಿಷ.

"ಅಂಗಾಲು ನೋಡಿ ಅತ್ತೆ, ತಣ್ಣಗಿದೆ!" ತಾಯಿಗೆ ಗಾಬರಿ. ಮೈ ಸುಡುತ್ತಿರುವಾಗ ಕಾಲು ಹೇಗೆ ತಣ್ಣಗಾಯಿತು? ಜ್ವರ ಏರುವ ಬಗೆಯೇ ಹಾಗೆ. ರೋಗಾಣು ಒಳಹೊಕ್ಕ ಸುದ್ದಿಯನ್ನು ರಕ್ತದ ರಕ್ಷಕ ಕಣಗಳು ಮಿದುಳಿಗೆ ಮುಟ್ಟಿಸುತ್ತವೆ. ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ದೇಹ ಮುಟ್ಟಬೇಕಾದ ಶಾಖದ ಗುರಿಯನ್ನು ಮೇಲಕ್ಕೆ ಏರಿಸುತ್ತದೆ. ಆ ಗುರಿ ಮುಟ್ಟುವವರೆಗೆ ದೇಹ ಶಾಖವನ್ನು ಹೊರಗೆ ಬಿಡದೆ ಉಳಿಸಿಕೊಳ್ಳುತ್ತದೆ. ಕೈಕಾಲಿನ ಸಣ್ಣ ರಕ್ತನಾಳಗಳು ಬಿಗಿಯುತ್ತವೆ, ಚಳಿಯಾಗುತ್ತದೆ, ಮೈ ನಡುಗುತ್ತದೆ. ಗುರಿ ಇಳಿದಾಗ ನಾಳಗಳು ಸಡಿಲಗೊಂಡು ಕೆನ್ನೆ ಕೆಂಪೇರಿ ಬೆವರು ಒಡೆಯುತ್ತದೆ. ಸೋಂಕನ್ನು ಎದುರಿಸಲು ದೇಹವೇ ಎಬ್ಬಿಸಿದ ಶಾಖ ಇದು.

ಅಜ್ಜಿಗೆ ಇರುವ ಭಯ ಬೇರೆ: "ಜ್ವರ ನೆತ್ತಿಗೇರಿದ್ರೆ?" ಈ ಭಯ ನಮ್ಮ ಸೀಮೆಯದಷ್ಟೇ ಅಲ್ಲ. ಅಮೆರಿಕದ ಶಿಶುವೈದ್ಯ ಬಾರ್ಟನ್ ಶ್ಮಿಟ್ 1980ರಲ್ಲೇ ತಂದೆತಾಯಿಯರ ಅತಿಯಾದ ಜ್ವರಭಯದ ಬಗ್ಗೆ ಬರೆದರು. ಸೋಂಕಿನಿಂದ ಬಂದ ಜ್ವರಕ್ಕೆ ಮಿದುಳೇ ಒಂದು ಮಿತಿ ಇಟ್ಟಿರುತ್ತದೆ. 106 ಡಿಗ್ರಿ ದಾಟುವುದು ಬಲು ಅಪರೂಪ. 102, 103ರ ಜ್ವರ ಮಿದುಳನ್ನು ಸುಡುವುದಿಲ್ಲ. ಮಿದುಳಿಗೆ ಕೇಡು ತರುವುದು ಮೆದುಳುಪೊರೆಯ ಸೋಂಕಿನಂಥ ಕಾಯಿಲೆ. ಅದಕ್ಕೇ ಜ್ವರದ ಹಿಂದೆ ಏನಿದೆ ಎಂದು ನೋಡಬೇಕು.

ಮೂರು ಬಾಟಲಿ, ಒಂದು ಲೆಕ್ಕ

ಡಬ್ಬಿಯಲ್ಲಿ ಮೂರು ಬಾಟಲಿಗಳಿವೆ. ಮೂರರ ಮೇಲೂ ಪ್ಯಾರಾಸಿಟಮಾಲ್ ಎಂದಿದೆ. ಒಂದು, ಲಸಿಕೆ ಹಾಕಿಸಿದಾಗ ಕೊಟ್ಟಿದ್ದ ಡ್ರಾಪ್ಸ್. ಇನ್ನೊಂದು ಕಳೆದ ಸಲದ ಸಿರಪ್. ಮತ್ತೊಂದು ದೊಡ್ಡಪ್ಪನ ನಾಲ್ಕು ವರ್ಷದ ಮಗನದು, ಅವರು ರಜೆಗೆ ಬಂದಾಗ ಬಿಟ್ಟುಹೋದದ್ದು. "ಮೂರೂ ಒಂದೇ ಅಲ್ವಾ, ಒಂದು ಚಮಚ ಹಾಕು" ಎನ್ನುತ್ತಾರೆ ಅಜ್ಜಿ. ಇಲ್ಲೇ ಈ ರಾತ್ರಿಯ ಅತಿ ದೊಡ್ಡ ಅಪಾಯ ಅಡಗಿದೆ.

ತಾಯಿ ಟಾರ್ಚನ್ನು ಹತ್ತಿರ ತರಿಸಿ ಸಣ್ಣಕ್ಷರ ಓದುತ್ತಾಳೆ. ಡ್ರಾಪ್ಸ್: ಪ್ರತಿ 1 ಎಂಎಲ್‌ಗೆ 100 ಮಿಲಿಗ್ರಾಂ. ಎರಡನೆಯದು: ಪ್ರತಿ 5 ಎಂಎಲ್‌ಗೆ 125. ಮೂರನೆಯದು: ಪ್ರತಿ 5 ಎಂಎಲ್‌ಗೆ 250. ಪ್ಯಾರಾಸಿಟಮಾಲ್ ಕೊಡಬೇಕಾದದ್ದು ಮಗುವಿನ ತೂಕ ನೋಡಿ. ವಯಸ್ಸು ನೋಡಿ ಅಂದಾಜು ಕಟ್ಟುವಂತಿಲ್ಲ. ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಅಂಗನವಾಡಿಯಲ್ಲಿ ಕಳೆದ ವಾರ ತೂಗಿದಾಗ ಪುಟ್ಟಿ 10 ಕಿಲೋ ಇದ್ದಳು. ತಾಯಿ ಕಾರ್ಡಿನಲ್ಲಿ ಬರೆದಿದೆ. ಹದಿನೈದರ ಲೆಕ್ಕ ಹಿಡಿದರೆ 150 ಮಿಲಿಗ್ರಾಂ. ಅದೇ ಔಷಧ 250ರ ಬಾಟಲಿಯಲ್ಲಾದರೆ 3 ಎಂಎಲ್, 125ರ ಬಾಟಲಿಯಲ್ಲಾದರೆ 6 ಎಂಎಲ್, ಡ್ರಾಪ್ಸ್‌ನಲ್ಲಾದರೆ ಒಂದೂವರೆ ಎಂಎಲ್. ಡ್ರಾಪ್ಸನ್ನೇ ಸಿರಪ್ ಎಂದುಕೊಂಡು 5 ಎಂಎಲ್ ಕುಡಿಸಿದರೆ 500 ಮಿಲಿಗ್ರಾಂ. ಬೇಕಾದದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಹಾಗೆ ಎರಡು ಮೂರು ಸಲ ಆದರೆ ಪೆಟ್ಟು ಬೀಳುವುದು ಯಕೃತ್ತಿಗೆ.

ದೊಡ್ಡಪ್ಪನ ಮಗನ ಬಾಟಲಿ ತೆರೆದು ಎಷ್ಟು ದಿನವಾಯಿತೋ ಗೊತ್ತಿಲ್ಲ, ಅದನ್ನು ಪಕ್ಕಕ್ಕಿಡುತ್ತಾಳೆ. 125ರ ಬಾಟಲಿಯ ಅವಧಿ ಮುಗಿದಿಲ್ಲ. ಚೆನ್ನಾಗಿ ಕುಲುಕಿ, ಅದರೊಂದಿಗೇ ಬಂದ ಗೆರೆ ಹಾಕಿದ ಮುಚ್ಚಳದ ಬಟ್ಟಲನ್ನು ಮೇಜಿನ ಮೇಲೆ ಸಮವಾಗಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಸುರಿಯುತ್ತಾಳೆ. ಅಡುಗೆಮನೆಯ ಚಮಚ ಈ ಕೆಲಸಕ್ಕೆ ಬಾರದು. ಒಂದೊಂದು ಚಮಚದ ಹೊಟ್ಟೆ ಒಂದೊಂದು ಅಳತೆ. ಮಗುವನ್ನು ಮಲಗಿಸಿ ಮೂಗು ಹಿಡಿದು ಸುರಿಯದೆ, ತೊಡೆಯ ಮೇಲೆ ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತಾಳೆ. ಪುಟ್ಟಿ ಮುಖ ಕಿವುಚಿ, ಕೊನೆಯ ಗುಟುಕನ್ನು ಅಂಗಿಗೆ ಉಗಿದು, ಆಮೇಲೆ ಸುಮ್ಮನಾಗುತ್ತಾಳೆ.

ಒಂದು ಸಲ ಕೊಟ್ಟ ಮೇಲೆ ನಾಲ್ಕು ಗಂಟೆಯೊಳಗೆ ಮತ್ತೆ ಕೊಡುವಂತಿಲ್ಲ; ಆರು ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ದಿನಕ್ಕೆ ನಾಲ್ಕು ಸಲ ಮೀರಬಾರದು. ನಿದ್ದೆ ಮಾಡುತ್ತಿರುವ ಮಗುವನ್ನು ಈ ಔಷಧಕ್ಕಾಗಿ ಎಬ್ಬಿಸಬೇಕಾಗಿಲ್ಲ. ಔಷಧದ ಉದ್ದೇಶ ಮಗುವಿನ ಸಂಕಟ ಇಳಿಸುವುದು. 102.4 ಇದ್ದದ್ದು 100.8ಕ್ಕೆ ಬಂದು ಮಗು ನೀರು ಕೇಳಿದರೆ ಅದು ಕೆಲಸ ಮಾಡಿದೆ ಎಂದೇ ಅರ್ಥ.

ಕೊಡಬಾರದ್ದನ್ನೂ ಇಲ್ಲೇ ಹೇಳಬೇಕು. ಆಸ್ಪಿರಿನ್ ಮಕ್ಕಳಿಗೆ ಸಲ್ಲದು. ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಜ್ವರ ಬೇಗ ಇಳಿಯಲಿ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಐಬುಪ್ರೊಫೆನ್, ಮೆಫೆನಮಿಕ್ ಆ್ಯಸಿಡ್ ಸಿರಪ್‌ಗಳು ಡೆಂಗಿ ಇರುವ ಕಾಲದಲ್ಲಿ ರಕ್ತಸ್ರಾವಕ್ಕೆ ದಾರಿ ಮಾಡಬಲ್ಲವು. ನೆಗಡಿಗೆಂದು ಎರಡು ಔಷಧ ಬೆರೆಸಿದ ಒಂದು ಬಗೆಯ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2023ರಲ್ಲಿ ಆದೇಶವಾಗಿದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಪ್ರಾಣ ಬಿಟ್ಟರು. ಜ್ವರದ ಮನೆಯಲ್ಲಿ ವೈದ್ಯರು ಹೇಳದ ಒಂದು ಹನಿ ಸಿರಪ್ಪೂ ಬೇಡ.

ಗಂಜಿ ತಿಳಿ, ತೆಳು ಅಂಗಿ

ಪುಟ್ಟಿಗೆ ನಡುಕ ಬಂದಾಗ ಅಜ್ಜಿ ಕಂಬಳಿ ಸುತ್ತಿದ್ದರು. ಚಳಿ ಇರುವಷ್ಟು ಹೊತ್ತು ಒಂದು ತೆಳು ಹೊದಿಕೆ ಸಾಕು. ನಡುಕ ನಿಂತ ಮೇಲೆ ಅದೂ ಬೇಡ. ಟೋಪಿ, ಸ್ವೆಟರ್, ಕಾಲುಚೀಲ, ಮೇಲೆ ಕಂಬಳಿ ಹಾಕಿ ಬಿಗಿದರೆ ಶಾಖ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ತಾಯಿ ಒಂದೊಂದೇ ತೆಗೆದು ಹತ್ತಿಯ ತೆಳು ಅಂಗಿ ಮಾತ್ರ ಉಳಿಸುತ್ತಾಳೆ. ಕಿಟಕಿಯ ಒಂದು ಬಾಗಿಲು ತೆರೆಯುತ್ತಾಳೆ. ಮಳೆಯ ಗಾಳಿ ನೇರ ಮಗುವಿಗೆ ಬಡಿಯದಂತೆ ಮಂಚವನ್ನು ಸರಿಸುತ್ತಾಳೆ.

ಗಂಡ ಬಾವಿಯ ನೀರು ತಂದು ಬಟ್ಟೆ ಅದ್ದಲು ಹೊರಟಿದ್ದಾನೆ. ಆಷಾಢದ ಬಾವಿ ನೀರು ಕೊರೆಯುತ್ತದೆ. ತಣ್ಣೀರು ಮೈಗೆ ಸೋಕಿದರೆ ಚರ್ಮದ ನಾಳಗಳು ಇನ್ನಷ್ಟು ಬಿಗಿದು ನಡುಕ ಹೆಚ್ಚುತ್ತದೆ, ಒಳಗಿನ ಶಾಖ ಏರುತ್ತದೆ. ಮಗುವಿಗೆ ಹಿತವೆನಿಸಿದರೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬಹುದು. ಅತ್ತರೆ ಅದೂ ಬೇಡ. ಐಸು, ಸ್ಪಿರಿಟ್, ಕಲೋನ್ ಹಚ್ಚುವುದಂತೂ ಕೂಡದು. ಸ್ಪಿರಿಟ್ಟು ಎಳೆಯ ಚರ್ಮದ ಮೂಲಕವೇ ಒಳಗಿಳಿದು ವಿಷವಾಗುತ್ತದೆ.

ಅಜ್ಜಿ ಅಷ್ಟರಲ್ಲಿ ಹಿತ್ತಿಲ ದೊಡ್ಡಪತ್ರೆಯ ಎಲೆ ಕೊಯ್ದು ಕೆಂಡದ ಮೇಲೆ ಬಾಡಿಸಿದ್ದಾರೆ. ನೆತ್ತಿಗೆ ಎರಡು ಹನಿ ಹಿಂಡುವುದರಿಂದ ಕೇಡಿಲ್ಲ. ಆದರೆ ಮೂಗಿಗೆ ಎಣ್ಣೆ ಬಿಡುವುದು ಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸುವುದು ಬೇಡ. ಹೊಟ್ಟೆಗೆ ಬರೆ ಹಾಕುವ, ಊದುಬತ್ತಿಯಿಂದ ಸುಡುವ ಕ್ರೂರ ಪದ್ಧತಿ ನಮ್ಮ ರಾಜ್ಯದ ಕೆಲವು ಕಡೆ ಇನ್ನೂ ಉಳಿದಿದೆ; ಅದು ಜ್ವರಕ್ಕೆ ಸುಟ್ಟಗಾಯವನ್ನೂ ಸೋಂಕನ್ನೂ ಸೇರಿಸುತ್ತದೆ, ಜೀವವನ್ನೇ ತೆಗೆದೀತು.

ಅಜ್ಜಿಯ ನಿಜವಾದ ವಿದ್ಯೆ ಒಲೆಯ ಮೇಲಿದೆ. ಕೆಂಪಕ್ಕಿ ಗಂಜಿ ಬೇಯುತ್ತಿದೆ. ಅದರ ತಿಳಿ ಬಸಿದು, ಚಿಟಿಕೆ ಉಪ್ಪು ಹಾಕಿ, ಆರಿಸಿ, ಬೆಳ್ಳಿಯ ಬಟ್ಟಲಲ್ಲಿ ತರುತ್ತಾರೆ. ತಾವೇ ಒಂದೊಂದು ಚಮಚ ಕುಡಿಸುತ್ತಾರೆ. ಜ್ವರದ ಮಗು ಉಸಿರಿನಲ್ಲಿ, ಬೆವರಿನಲ್ಲಿ ನೀರು ಕಳೆದುಕೊಳ್ಳುತ್ತಿರುತ್ತದೆ. ಎದೆಹಾಲು, ಗಂಜಿ ತಿಳಿ, ಎಳನೀರು, ಬೇಳೆ ಕಟ್ಟು, ಮಜ್ಜಿಗೆ, ಕಾಯಿಸಿ ಆರಿಸಿದ ನೀರು, ಯಾವುದು ಇಳಿಯುತ್ತದೋ ಅದು. ಭೇದಿಯೂ ಇದ್ದರೆ ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ. ಜ್ವರಕ್ಕೆ ಉಪವಾಸವೇ ಮದ್ದು ಎಂಬ ಮಾತನ್ನು ಮಕ್ಕಳ ಹತ್ತಿರ ತರಬೇಡಿ. ಎರಡು ದಿನ ಅನ್ನ ತಿನ್ನದಿದ್ದರೆ ನಡೆದೀತು, ಕುಡಿಯದಿದ್ದರೆ ನಡೆಯದು.

ಪುಟ್ಟಿ ಮಲಗುತ್ತಾಳೆ. ತಾಯಿ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಬರೆದಿಡುತ್ತಾಳೆ: 9.20ಕ್ಕೆ 102.4, ಔಷಧ 6 ಎಂಎಲ್. 10.40ಕ್ಕೆ 100.8, ಗಂಜಿ ತಿಳಿ ಅರ್ಧ ಬಟ್ಟಲು, ಉಚ್ಚೆ ಹೊಯ್ದಿದೆ. ಗಂಡನಿಗೆ ಅವಳು ಕೊಟ್ಟ ಕೆಲಸ ಉಸಿರು ಎಣಿಸುವುದು. ಮಗುವಿನ ಅಂಗಿ ಎತ್ತಿ, ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಎಂದು, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ. ಮೂವತ್ತನಾಲ್ಕು. ಒಂದರಿಂದ ಐದು ವರ್ಷದ ಮಗು ಅಳದೆ ಸುಮ್ಮನಿರುವಾಗ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರಾಡಿದರೆ ಅದು ನ್ಯುಮೋನಿಯಾದ ಸುಳಿವು. ಎರಡು ತಿಂಗಳಿಂದ ಒಂದು ವರ್ಷದವರೆಗೆ ಆ ಗಡಿ 50. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೇದುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ನರಳಿಕೆಯ ಸದ್ದು ಬರುತ್ತಿದ್ದರೆ ಎಣಿಸುತ್ತ ಕೂರುವ ಹೊತ್ತಲ್ಲ, ಹೊರಡುವ ಹೊತ್ತು.

ನಡುರಾತ್ರಿ ಕಳೆದ ಮೇಲೆ ಮತ್ತೆ 103. ಮತ್ತೆ ಔಷಧ. ಅದಾದ ಮುಕ್ಕಾಲು ಗಂಟೆಗೆ ಪುಟ್ಟಿ ಕಣ್ಣು ಬಿಟ್ಟು, "ಮ್ಯಾವ್?" ಎಂದು ಬೆಕ್ಕನ್ನು ವಿಚಾರಿಸುತ್ತಾಳೆ. ಜ್ವರ ತುಸು ಇಳಿದಾಗ ಮಗು ತಾನಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಗುರುತು ಹಿಡಿದು, ಏನನ್ನಾದರೂ ಬೇಡಿದರೆ ಅದು ಒಳ್ಳೆಯ ಸೂಚನೆ. ಆ ರಾತ್ರಿ ಅವರು ಪೇಟೆಗೆ ಹೊರಡಲಿಲ್ಲ.

ಆಸ್ಪತ್ರೆಯ ಜಗಲಿ

ಬೆಳಿಗ್ಗೆ ಪೇಟೆಯ ಮಕ್ಕಳ ಡಾಕ್ಟರ ಜಗಲಿ ತುಂಬಿದೆ. ಗೋಡೆಗೆ ಒರಗಿಸಿದ ಕೊಡೆಗಳಿಂದ ನೀರು ಹರಿದು ಕಾಲಡಿ ಸೇರುತ್ತಿದೆ. ಪ್ರತಿ ತಾಯಿಯ ಕೈಯಲ್ಲೂ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಚೀಟಿ, ಟವೆಲು, ಹಾಲಿನ ಬಾಟಲಿ. ಸಣ್ಣ ಕೂಸನ್ನು ಶಾಲಿನಲ್ಲಿ ಸುತ್ತಿಕೊಂಡು ಒಬ್ಬ ಬಾಣಂತಿ ಕೊನೆಯಲ್ಲಿ ನಿಂತಿದ್ದಾಳೆ. ನರ್ಸು ಬಂದು ಕೇಳುತ್ತಾರೆ, "ಮಗೂಗೆ ಎಷ್ಟು ದಿನ ಆಯ್ತಮ್ಮಾ?" "ನಲವತ್ತು." "ಜ್ವರನಾ? ಬಾ, ನೀನು ಮೊದಲು ಒಳಗೆ ಬಾ." ಸಾಲಿನಲ್ಲಿದ್ದವರು ಗೊಣಗುತ್ತಾರೆ. ನರ್ಸು ಮಾಡಿದ್ದೇ ಸರಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಮುಟ್ಟಿದರೆ ಮನೆಯಲ್ಲಿ ಔಷಧ ಹಾಕಿ ನೋಡುವ ಪ್ರಶ್ನೆಯೇ ಇಲ್ಲ, ರಾತ್ರಿಯಾದರೂ ಆಸ್ಪತ್ರೆಗೇ. ಅಷ್ಟು ಎಳೆಯ ಮೈಯಲ್ಲಿ ರಕ್ತದ ಸೋಂಕು ಸದ್ದಿಲ್ಲದೆ ಹರಡುತ್ತದೆ. ಕೆಲವೊಮ್ಮೆ ಜ್ವರದ ಬದಲು ಮೈ ತಣ್ಣಗಾಗುವುದೇ ಅದರ ಗುರುತು.

ಅಷ್ಟರಲ್ಲಿ ಬೆಂಚಿನ ತುದಿಯಲ್ಲಿ ಗದ್ದಲ. ಎರಡು ವರ್ಷದ ಹುಡುಗನೊಬ್ಬನ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿದೆ. ಹಲ್ಲು ಕಚ್ಚಿದ್ದಾನೆ. ಕೈಕಾಲು ಒಂದೇ ಸಮ ಅದುರುತ್ತಿವೆ. ಅಮ್ಮ ಚೀರುತ್ತಾಳೆ. "ಬೀಗದ ಕೈ ಕೊಡ್ರೋ!" ಎಂದು ಒಬ್ಬರು, "ಈರುಳ್ಳಿ ಮೂಸಿಸಿ" ಎಂದು ಇನ್ನೊಬ್ಬರು. ಯಾರೋ ಹಲ್ಲಿನ ನಡುವೆ ಚಮಚ ತುರುಕಲು ಬರುತ್ತಾರೆ.

"ಯಾರೂ ಬಾಯಿಗೆ ಏನೂ ಹಾಕ್ಬೇಡಿ, ದೂರ ನಿಲ್ಲಿ." ನರ್ಸು ಹುಡುಗನನ್ನು ನೆಲದ ಮೇಲಿನ ಜಮಖಾನಕ್ಕೆ ಇಳಿಸಿ ಒಂದು ಮಗ್ಗುಲಿಗೆ ಹೊರಳಿಸುತ್ತಾರೆ. ಕತ್ತಿನ ಗುಂಡಿ ಬಿಚ್ಚುತ್ತಾರೆ. ಬಾಯಂಚಿನ ನೊರೆ ತಾನಾಗಿ ಹೊರಗೆ ಹರಿಯುತ್ತದೆ. ಅವರು ಹುಡುಗನ ಕೈಕಾಲು ಅದುಮಿ ಹಿಡಿಯುವುದಿಲ್ಲ; ತಮ್ಮ ಕೈಗಡಿಯಾರ ನೋಡುತ್ತ ಪಕ್ಕದಲ್ಲಿ ಕೂರುತ್ತಾರೆ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಅದುರು ನಿಲ್ಲುತ್ತದೆ. ಹುಡುಗ ದೀರ್ಘ ಉಸಿರೆಳೆದು ಮಂಪರಿಗೆ ಜಾರುತ್ತಾನೆ.

ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಜ್ವರದ ಜೊತೆ ಹೀಗೆ ಫಿಟ್ಸ್ ಬರುತ್ತದೆ. ನೋಡುವವರ ಜೀವ ಬಾಯಿಗೆ ಬರುತ್ತದೆ ನಿಜ. ಆದರೆ ಬಹುಪಾಲು ತಾನಾಗಿ ನಿಲ್ಲುತ್ತದೆ, ಮಿದುಳಿಗೆ ಹಾನಿ ಮಾಡುವುದಿಲ್ಲ. ಮೊದಲ ಸಲ ಬಂದಾಗ ನಿಂತ ಮೇಲೂ ವೈದ್ಯರಿಗೆ ತೋರಿಸಲೇಬೇಕು. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ, ಒಂದೇ ಬದಿ ಎಳೆದರೆ, ಮತ್ತೆ ಮತ್ತೆ ಬಂದರೆ, ನಿಂತ ಮೇಲೂ ಎಚ್ಚರವಾಗದಿದ್ದರೆ 108ಕ್ಕೆ ಕರೆ ಮಾಡಿ. 2008ರಿಂದ ರಾಜ್ಯದಲ್ಲಿ ಓಡುತ್ತಿರುವ ಆ ಗಾಡಿ ಹಳ್ಳಿಗೂ ಬರುತ್ತದೆ, ಹಣ ಕೊಡಬೇಕಿಲ್ಲ.

ಪುಟ್ಟಿಯ ಸರದಿ. ಡಾಕ್ಟರು ಮೊದಲು ಕೇಳುವುದು ಕ್ಯಾಲೆಂಡರಿನ ಹಾಳೆ. ಓದಿ, "ಎಷ್ಟು ಚೆನ್ನಾಗಿ ಬರ್ದಿದೀಯಮ್ಮಾ" ಎನ್ನುತ್ತಾರೆ. ಕಿವಿಯೊಳಗೆ ಬೆಳಕು ಬಿಟ್ಟು, ಗಂಟಲು ನೋಡಿ, ಕತ್ತು ಬಗ್ಗಿಸಿ, ಹೊಟ್ಟೆ ಮುಟ್ಟಿ, ಬೆನ್ನಿನ ಚರ್ಮ ತಿರುಗಿಸಿ ನೋಡುತ್ತಾರೆ. ಬೇಸಿಗೆಯಾಗಿದ್ದರೆ ಕಾಡಿನ ಬಗ್ಗೆಯೂ ಕೇಳುತ್ತಿದ್ದರು. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗು ಕಚ್ಚಿ ಬರುತ್ತದೆ. ತರಗೆಲೆ ಗುಡಿಸುವ ಕಾಲದಲ್ಲಿ ಮಲೆನಾಡಿನ ಜ್ವರಕ್ಕೆ ಆ ಅನುಮಾನ ಸದಾ ಇರುತ್ತದೆ.

"ವೈರಲ್ ಜ್ವರ ಕಾಣುತ್ತೆ. ಆ್ಯಂಟಿಬಯೋಟಿಕ್ ಬೇಡ."

"ಒಂದು ಸೂಜಿ ಹಾಕ್ಬಿಡಿ ಡಾಕ್ಟ್ರೇ," ಅಜ್ಜಿಯ ಕೋರಿಕೆ.

"ಸೂಜಿ ಹಾಕಿದ್ರೂ ಇಳಿಯೋದು ನಾಲ್ಕು ಗಂಟೆ ಮಾತ್ರ ಅಜ್ಜಿ, ಮಗೂಗೆ ನೋವು ಬೇರೆ. ನೀವು ಮಾಡಿದ ಗಂಜಿ ತಿಳೀನೇ ಕುಡಿಸಿ. ಆದ್ರೆ ನಾನು ಹೇಳೋದು ಸರಿಯಾಗಿ ಕೇಳಿಸ್ಕೊಳ್ಳಿ." ಆಮೇಲೆ ಬೆರಳು ಮಡಚುತ್ತ ಹೇಳುತ್ತಾರೆ. ಕುಡಿಯುವುದನ್ನೇ ಬಿಟ್ಟರೆ, ಕುಡಿದದ್ದೆಲ್ಲ ವಾಂತಿಯಾದರೆ. ಎಬ್ಬಿಸಿದರೂ ಸರಿಯಾಗಿ ಏಳದೆ ಮಂಕಾಗಿ ಬಿದ್ದರೆ, ಎತ್ತಿಕೊಂಡರೂ ಸಮಾಧಾನವಾಗದೆ ಒಂದೇ ಸಮ ಅತ್ತರೆ. ಆರೆಂಟು ಗಂಟೆ ಉಚ್ಚೆ ಹೊಯ್ಯದೆ, ಬಾಯಿ ಒಣಗಿ, ಅತ್ತರೂ ಕಣ್ಣೀರು ಬಾರದಿದ್ದರೆ. ಉಸಿರು ಜೋರಾದರೆ. ಕತ್ತು ಬಿಗಿದರೆ. ತುಟಿ, ಉಗುರು ನೀಲಿಗಟ್ಟಿದರೆ. ಜ್ವರ 104 ದಾಟಿದರೆ. "ಇದ್ರಲ್ಲಿ ಒಂದಾದ್ರೂ ಕಂಡ್ರೆ ನಾಳೆ ಬೆಳಿಗ್ಗೆ ಅಲ್ಲ, ಆವಾಗ್ಲೇ ಬನ್ನಿ. ನಾನಿಲ್ದಿದ್ರೆ ತಾಲ್ಲೂಕು ಆಸ್ಪತ್ರೆ, ಅಲ್ಲಿ ಹೇಳಿದ್ರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಇದ್ಯಾವುದೂ ಇಲ್ದೆ ಜ್ವರ ಮಾತ್ರ ಇದ್ರೂ ನಾಡಿದ್ದು ತಂದು ತೋರಿಸಿ, ರಕ್ತ ಪರೀಕ್ಷೆ ಮಾಡ್ಸೋಣ."

ಜ್ವರ ಬಿಟ್ಟ ದಿನ

ಎಲ್ಲರೂ ಉಸಿರು ಬಿಡುವ ದಿನ ಜ್ವರ ಇಳಿದ ದಿನ. ಮಳೆಗಾಲದಲ್ಲಿ ಆ ದಿನವೇ ಕಣ್ಣು ತೆರೆದಿಡಬೇಕಾದ ದಿನ. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ. ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ. ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯುತ್ತದೆ. ಮೈ ತಣ್ಣಗಾಯಿತೆಂದು ಮನೆಯವರು ಖುಷಿಪಡುವಾಗ ಮಗು ಹೊಟ್ಟೆ ಹಿಡಿದು ಅಳುತ್ತದೆ, ವಾಂತಿ ಮಾಡುತ್ತದೆ, ಕೈಕಾಲು ತಣ್ಣಗೆ ಜಿಗುಟಾಗುತ್ತದೆ, ಒಸಡಿನಲ್ಲಿ ರಕ್ತ ಜಿನುಗುತ್ತದೆ. ಜ್ವರ ಇಳಿದ ಮಗು ಗೆಲುವಾಗಬೇಕು; ಜ್ವರ ಇಳಿದೂ ಸೊರಗಿದರೆ ತಕ್ಷಣ ಆಸ್ಪತ್ರೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಬೇಕಾಯಿತು. ಮನೆ ಸುತ್ತಲಿನ ತೆಂಗಿನ ಚಿಪ್ಪು, ಹಾಳೆ, ಹಳೆ ಟೈರುಗಳಲ್ಲಿ ನಿಂತ ನೀರು ಚೆಲ್ಲುವುದೂ ಮಗುವಿನ ಆರೈಕೆಯ ಭಾಗವೇ.

ಪುಟ್ಟಿಯ ಜ್ವರ ನಾಲ್ಕನೆಯ ಬೆಳಿಗ್ಗೆ ಬಿಟ್ಟಿತು. ಅದೇ ದಿನ ಎದೆ, ಬೆನ್ನಿನ ಮೇಲೆ ತಿಳಿಗೆಂಪು ಚುಕ್ಕೆಗಳು. ಅಜ್ಜಿಗೆ ಅಮ್ಮ ಬಂದಳೆಂಬ ಆತಂಕ. ಮನೆಗೆ ಬಂದ ಆಶಾ ಕಾರ್ಯಕರ್ತೆ ಗಾಜಿನ ಲೋಟ ಕೇಳಿ, ಅದರ ಬದಿಯನ್ನು ಚುಕ್ಕೆಗಳ ಮೇಲೆ ಒತ್ತಿ, ಗಾಜಿನ ಮೂಲಕ ನೋಡಿದರು. ಒತ್ತಿದಲ್ಲಿ ಕೆಂಪು ಮಾಯವಾಯಿತು, ತೆಗೆದಾಗ ಮರಳಿತು. ಒತ್ತಿದರೂ ಮಾಸದ, ನೇರಳೆ ಬಣ್ಣದ ಚುಕ್ಕೆಯಾಗಿದ್ದರೆ ಅದು ಚರ್ಮದೊಳಗಿನ ರಕ್ತಸ್ರಾವ. ಒಂದು ಗಳಿಗೆಯೂ ತಡಮಾಡುವಂತಿಲ್ಲ. ಪುಟ್ಟಿ ಆ ಹೊತ್ತಿಗೆ ಲೋಟ ಕಸಿದುಕೊಳ್ಳಲು ಜಗ್ಗುತ್ತಿದ್ದಳು. ಡಾಕ್ಟರಿಗೆ ಮತ್ತೊಮ್ಮೆ ತೋರಿಸಿದಾಗ, ಈ ವಯಸ್ಸಿನಲ್ಲಿ ಮೂರು ದಿನ ಜ್ವರ ಬಂದು ಬಿಟ್ಟ ಮೇಲೆ ಚುಕ್ಕೆ ಏಳುವ ವೈರಸ್ ಸೋಂಕು ಸಾಮಾನ್ಯ, ಎರಡು ದಿನದಲ್ಲಿ ತಾನೇ ಮಾಯುತ್ತದೆ ಎಂದರು. ಹಾಗೇ ಆಯಿತು.

ಈ ಮನೆಯಲ್ಲಿ ದೊಡ್ಡ ಸಲಕರಣೆ ಇರಲಿಲ್ಲ. ಒಂದು ಥರ್ಮಾಮೀಟರ್, ಅಳತೆಯ ಬಟ್ಟಲು, ಗಡಿಯಾರ, ಬರೆದಿಡಲು ಒಂದು ಹಾಳೆ, ಗಂಜಿ ಬೇಯಿಸುವ ಅಜ್ಜಿ, ಉಸಿರು ಎಣಿಸಲು ಎದ್ದು ಕೂತ ಅಪ್ಪ ಇದ್ದರು. ಮಗುವಿನ ಜ್ವರವನ್ನು ಕಾಯುವುದು ತಾಯಿಯೊಬ್ಬಳ ಪಾಲಿನ ಕೆಲಸವಾಗದೆ ಇಡೀ ಮನೆಯ ಕೆಲಸವಾದದ್ದರಿಂದ ಯಾರೂ ದಿಕ್ಕೆಡಲಿಲ್ಲ. ನಿಮ್ಮ ಮನೆಯಲ್ಲೂ ಎಳೆಯ ಮಗುವಿದ್ದರೆ, ಜ್ವರ ಬರುವ ಮೊದಲೇ ಒಂದು ಚೀಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ: ಮಗುವಿನ ತೂಕ, ನಿಮ್ಮಲ್ಲಿರುವ ಬಾಟಲಿಯ ಪ್ರಮಾಣ, ಅದರಲ್ಲಿ ಎಷ್ಟು ಎಂಎಲ್ ಎಂದು ವೈದ್ಯರು ಹೇಳಿದ ಲೆಕ್ಕ, ಆಸ್ಪತ್ರೆಯ ಫೋನ್ ನಂಬರು, 108. ತೂಕ ಹೆಚ್ಚಿದಂತೆ ಚೀಟಿಯನ್ನೂ ಬದಲಿಸಿ. ಅಂಕಿ 103 ಇದ್ದೂ ಆಡುತ್ತ, ಕುಡಿಯುತ್ತ ಇರುವ, ಮೂರು ತಿಂಗಳು ದಾಟಿದ ಮಗುವನ್ನು ಧೈರ್ಯದಿಂದ ಮನೆಯಲ್ಲಿ ನೋಡಿಕೊಳ್ಳಿ. ಅಂಕಿ 101 ಇದ್ದರೂ ಮಗು ಎಂದಿನಂತಿಲ್ಲ ಎಂದು ಹೆತ್ತವರ ಮನಸ್ಸು ಹೇಳಿದರೆ, ಯಾರು ಏನೆಂದುಕೊಂಡಾರೋ ಎಂದು ಅಳುಕದೆ, ಬೆಳಗಾಗಲಿ ಎಂದು ಕಾಯದೆ, ಆಸ್ಪತ್ರೆಗೆ ಹೊರಟುಬಿಡಿ.